ಮೀನಿನ ಕಥೆಯೋ, ಮೀನು ಹುಡುಕಿದವರ ಕಥೆಯೋ?

ದಕ್ಷಿಣ ಆಫ್ರಿಕದ ಮತ್ಸ್ಯಶಾಸ್ತ್ರಜ್ಞ ಪ್ರೊಫೆಸರ್ ಜೆ. ಎಲ್. ಬಿ. ಸ್ಮಿತ್ ಅವರು 1956ರಲ್ಲಿ ಪ್ರಕಟಿಸಿದ 'ಓಲ್ಡ್ ಫೋರ್‌ಲೆಗ್ಸ್' ಇಂದಿಗೂ ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಂಡು ಹೋಗುವ ವಿಜ್ಞಾನಗ್ರಂಥ. 'ನಾಲ್ಕು ಕಾಲಿನ ಮುದುಕಪ್ಪ' ಎಂದು ಅವರು ಸಲಿಗೆಯಿಂದ ಕರೆದದ್ದು ಸೀಲಕ್ಯಾಂತ್ ಎಂಬ ಮೀನನ್ನು. ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದಾದ ಈ ಕುಲದ ಪಳೆಯುಳಿಕೆಗಳು 6.6 ಕೋಟಿ ವರ್ಷಗಳಿಂದೀಚಿನ ಶಿಲೆಗಳಲ್ಲಿ ದೊರೆಯದ ಕಾರಣ, ಡೈನೋಸಾರ್‌ಗಳ ಜೊತೆಗೇ ಅದೂ ಅಳಿಯಿತೆಂದು ವಿದ್ವಾಂಸರು ತೀರ್ಮಾನಿಸಿದ್ದರು.

1938ರ ಡಿಸೆಂಬರ್ 22ರಂದು ಅಲ್ಲಿಯ ಈಸ್ಟ್ ಲಂಡನ್ ಬಂದರಿಗೆ ಬಂದ ಟ್ರಾಲರ್ ಹಡಗಿನ ಮೀನುರಾಶಿಯಲ್ಲಿ, ಊರಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಐದಡಿ ಉದ್ದದ ನೀಲಿ ಮೀನೊಂದನ್ನು ಕಂಡರು. ಸುಡುಬೇಸಗೆ, ಶವಾಗಾರದವರೂ ಶೀತಲಗೃಹದವರೂ ಅದನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಆಕೆಯ ಕಾಗದವೂ ರೇಖಾಚಿತ್ರವೂ ರಜೆಯಲ್ಲಿದ್ದ ಸ್ಮಿತ್ ಅವರ ಕೈ ಸೇರುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ದಿನಗಳು ಕಳೆದಿದ್ದವು. ಉಳಿದದ್ದು ಮುಖ್ಯವಾಗಿ ಹೊರಮೈ. ಒಳಗಿನ ಅಂಗಗಳು ಕಸದ ಪಾಲಾಗಿದ್ದವು.

ಇಡಿಯ ಮೀನೊಂದು ಬೇಕೆಂಬ ಮುಂದಿನ ಹದಿನಾಲ್ಕು ವರ್ಷಗಳ ಹಂಬಲವೇ ಈ ಪುಸ್ತಕದ ಜೀವಾಳ. ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಭಾಷೆಗಳಲ್ಲಿ ಕರಪತ್ರ ಅಚ್ಚು ಹಾಕಿಸಿ, ಚಿತ್ರ ಕೊಟ್ಟು, ನೂರು ಪೌಂಡು ಬಹುಮಾನ ಸಾರಿ ಸ್ಮಿತ್ ಆಫ್ರಿಕದ ಪೂರ್ವ ಕರಾವಳಿಯಲ್ಲೆಲ್ಲ ಹಂಚಿಸಿದರು. 1952ರ ಡಿಸೆಂಬರಿನಲ್ಲಿ ಕೊಮೊರೊ ದ್ವೀಪಗಳಿಂದ ತಂತಿ ಬಂತು. ಮೀನು ಕೊಳೆಯುವ ಮೊದಲು ಅಲ್ಲಿಗೆ ತಲುಪಬೇಕು. ಕೊನೆಗೆ ಪ್ರಧಾನಮಂತ್ರಿ ಮಲಾನ್ ಅವರನ್ನೇ ಕಾಡಿ ಬೇಡಿ ಸೈನ್ಯದ ಡಕೋಟಾ ವಿಮಾನ ಪಡೆದರು. ಹೊದಿಕೆ ಸರಿಸಿ ಮೀನನ್ನು ಕಂಡಾಗ ತಾವು ಅತ್ತುಬಿಟ್ಟುದನ್ನು ಲೇಖಕರು ಮುಚ್ಚಿಡುವುದಿಲ್ಲ. ವಿಜ್ಞಾನಿಯೊಬ್ಬರು ಎದೆ ಬಿಚ್ಚಿ ಬರೆದ ಇಂಥ ಪುಟಗಳು ವಿರಳವೆಂದೇ ಹೇಳಬೇಕು.

ಆದರೆ ಆ ಹಂಬಲವೇ ಅವರ ಕಣ್ಣಿಗೆ ಪೊರೆ ಕಟ್ಟಿತೆಂದು ತೋರುತ್ತದೆ. ಈ ಮೀನು ಬಂಡೆಗಳ ನಡುವೆ ವಾಸಿಸುವುದೆಂದು ಅವರು ಊಹಿಸಿದ್ದು ಸರಿಯೇ. ಆದರೆ ತಿರುಳುಳ್ಳ ಈಜುರೆಕ್ಕೆಗಳನ್ನೂರಿ ಕಾಲಿನಂತೆ ತೆವಳುವುದೆಂದದ್ದು? 1987ರಲ್ಲಿ ಜರ್ಮನಿಯ ಹಾನ್ಸ್ ಫ್ರಿಕೆ ಪುಟ್ಟ ಮುಳುಗುನೌಕೆಯಲ್ಲಿ ಇಳಿದು ಚಿತ್ರೀಕರಿಸಿದಾಗ, ಎದುರುಬದುರಿನ ಈಜುರೆಕ್ಕೆಗಳು ನಾಲ್ಕು ಕಾಲಿನ ಪ್ರಾಣಿ ಹೆಜ್ಜೆಯಿಡುವ ವರಸೆಯಲ್ಲೇ ಆಡುತ್ತಿದ್ದವು, ನಿಜ. ಆದರೆ ಮೀನು ನೆಲ ಮುಟ್ಟಿ ನಡೆಯಲಿಲ್ಲ, ಕೆಲವೊಮ್ಮೆ ತಲೆಕೆಳಗಾಗಿ ನೀರಿನಲ್ಲಿ ನಿಂತಿತು! ಇನ್ನು ವಂಶಾವಳಿಯ ಮಾತು. 2013ರಲ್ಲಿ ಪ್ರಕಟವಾದ ಅದರ ಜೀನುಗಳ ಅಧ್ಯಯನ, ನಾಲ್ಕು ಕಾಲಿನ ಪ್ರಾಣಿಗಳಿಗೆ ಸೀಲಕ್ಯಾಂತ್‌ಗಿಂತ ಪುಪ್ಪುಸವುಳ್ಳ ಮೀನುಗಳೇ ಹತ್ತಿರದ ನಂಟರೆಂದು ತೋರಿಸಿತು. ಮುತ್ತಜ್ಜನೆಂದು ಹೊಗಳಿಸಿಕೊಂಡದ್ದು ದೂರದ ದಾಯಾದಿ. ಅರವತ್ತು ವರ್ಷಗಳ ಮೇಲೆ ತಿಳಿದುಬಂದುದಕ್ಕೆ ಸ್ಮಿತ್ ಅವರನ್ನು ದೂರುವುದು ಅನ್ಯಾಯ. ಊಹೆಯನ್ನೇ ಪುಸ್ತಕದ ಹೆಸರಾಗಿ ಮುದ್ರಿಸಿದ ಆತುರವನ್ನು ದೂರಬಹುದು.

ಇನ್ನೊಂದು ಕೊರತೆ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ಲೋಕಕ್ಕೆ ಅಚ್ಚರಿಯಾದ ಈ ಮೀನು ಕೊಮೊರೊದ ಬೆಸ್ತರಿಗೆ ಹೊಸದಲ್ಲ. ಅದಕ್ಕೆ 'ಗೊಂಬೆಸ್ಸ' ಎಂಬ ಹೆಸರೇ ಅವರಲ್ಲಿತ್ತು. ಆಗಾಗ ಗಾಳಕ್ಕೆ ಬೀಳುತ್ತಿತ್ತು. 1952ರ ಮೀನನ್ನೂ ಸಂತೆಯಲ್ಲಿ ಕೊಯ್ಯುವುದರಲ್ಲಿದ್ದರು. ಕರಪತ್ರದ ಚಿತ್ರ ನೋಡಿದ್ದ ಉಪಾಧ್ಯಾಯರೊಬ್ಬರು ಗುರುತಿಸಿ ತಡೆದರು. ಲೇಖಕರು ಇದನ್ನು ಬಿಟ್ಟಿಲ್ಲ, ಆದರೆ ಅಲ್ಲಿ ಅವರ ಲೇಖನಿ ನಿಲ್ಲುವುದಿಲ್ಲ. ವಿಮಾನದ ಬೆನ್ನು ಹತ್ತಿ ಓಡುತ್ತದೆ. ಆ ಬೆಸ್ತನ ಜೊತೆ ಅರ್ಧ ಗಂಟೆ ಕೂತು, ಯಾವ ಆಳದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಇರೆಗೆ ಸಿಕ್ಕಿತೆಂದು ವಿಚಾರಿಸುವ ಅಧ್ಯಾಯವೊಂದಿದ್ದರೆ ಪುಸ್ತಕದ ಬೆಲೆ ಎಷ್ಟು ಹೆಚ್ಚುತ್ತಿತ್ತು!

ಹೆಸರಿಡುವುದರಲ್ಲಿ ಸ್ಮಿತ್ ಕೃತಜ್ಞರೇ. ಮೊದಲ ಮೀನಿಗೆ 'ಲ್ಯಾಟಿಮೇರಿಯ' ಎಂದು ಆ ಮಹಿಳೆಯ ಹೆಸರನ್ನಿತ್ತರು, ಅದು ಉಳಿದಿದೆ. ಎರಡನೆಯದರ ಬೆನ್ನಿನಲ್ಲಿ ಮೊದಲ ಈಜುರೆಕ್ಕೆ ಕಾಣದಿದ್ದುದರಿಂದ ಬೇರೆಯೇ ಜಾತಿಯೆಂದು ಬಗೆದು, ವಿಮಾನದ ಋಣಕ್ಕೆ 'ಮಲಾನಿಯ' ಎಂದರು. ಮಲಾನ್ ಆದರೋ ಮೊದಲು ಪಾದ್ರಿ, ಆಮೇಲೆ ವರ್ಣಭೇದ ನೀತಿಯನ್ನು ಸರ್ಕಾರದ ಧೋರಣೆಯಾಗಿಸಿದ ಪ್ರಧಾನಿ. ಮುಂದೆ ದೊರೆತ ಮೀನುಗಳನ್ನು ನೋಡಿದ ಮೇಲೆ, ಅದೂ ಲ್ಯಾಟಿಮೇರಿಯವೇ, ಊನವಾದದ್ದು ಅಷ್ಟೆ ಎಂದು ಗೊತ್ತಾಗಿ ಹೆಸರು ಬಿದ್ದುಹೋಯಿತು.

2017ರಲ್ಲಿ ಮೈಕ್ ಬ್ರೂಟನ್ ಈ ಗ್ರಂಥವನ್ನು ಟಿಪ್ಪಣಿಗಳೊಡನೆ ಮತ್ತೆ ಹೊರತಂದಿದ್ದಾರೆ. ಹೊಸದಾಗಿ ಓದುವವರು ಅದನ್ನೇ ಕೈಗೆತ್ತಿಕೊಳ್ಳುವುದು ಲೇಸು.