ಮಲ್ಲನ ಕಂಠ, ಮಲ್ಲನ ವೇಷ

ನಟನು ಪರರ ಪಾತ್ರವನ್ನು ವಹಿಸುವುದು ಲೋಕರೂಢಿ. ತನ್ನ ಪಾತ್ರವನ್ನೇ ತಾನು ವಹಿಸತಕ್ಕವನ ಕಾರ್ಯವನ್ನು ಏನೆಂದು ಕರೆಯಬೇಕು? ಅದು ಅಭಿನಯವೋ, ಬರಿಯ ಸಾನ್ನಿಧ್ಯವೋ? ಅಮೆರಿಕದಲ್ಲಿ 2014ರಲ್ಲಿ ಹೊರಬಂದ ‘ಸ್ಕೂಬಿ-ಡೂ! ರೆಸಲ್‌ಮೇನಿಯಾ ಮಿಸ್ಟರಿ’ ಎಂಬ ಅನಿಮೇಷನ್ ಚಿತ್ರವು ಮಕ್ಕಳ ವಿನೋದಕ್ಕೆಂದೇ ಹುಟ್ಟಿದುದಾದರೂ, ಈ ಪ್ರಶ್ನೆಯನ್ನು ವಿಚಾರವಂತರ ಮುಂದಿಡುತ್ತದೆ.

ಸ್ಕೂಬಿ-ಡೂ ಎಂಬ ನಾಯಿ ಮತ್ತು ಅದರ ನಾಲ್ವರು ತರುಣ ಸಂಗಾತಿಗಳ ಕಥೆ 1969ರಿಂದಲೂ ಟೆಲಿವಿಷನ್ನಿನಲ್ಲಿ ಜನಪ್ರಿಯವಾದುದು. ಆ ಕಥೆಗಳಿಗೊಂದು ಸೂತ್ರವುಂಟು: ಭೂತವೊಂದು ಕಾಣಿಸಿಕೊಂಡು ಊರನ್ನು ನಡುಗಿಸುತ್ತದೆ; ಕಡೆಯಲ್ಲಿ ಅದರ ಮುಖವಾಡವನ್ನು ಕಿತ್ತರೆ ಒಳಗೆ ಸಾಮಾನ್ಯ ಮನುಷ್ಯನೇ ಇರುತ್ತಾನೆ. ಈ ಸೂತ್ರವನ್ನು ವಾರ್ನರ್ ಸಂಸ್ಥೆಯವರೂ ಡಬ್ಲ್ಯುಡಬ್ಲ್ಯುಇ ಎಂಬ ಕುಸ್ತಿಯ ಕಂಪೆನಿಯವರೂ ಕೂಡಿ ಮಲ್ಲರಂಗಕ್ಕೆ ತಂದರು. ಪಂದ್ಯದ ನಗರಿಯಲ್ಲಿ ಭೂತಕರಡಿಯೊಂದರ ಹಾವಳಿ. ಗೆದ್ದವನ ಪಟ್ಟವನ್ನು ಕದ್ದ ಅಪವಾದ ನಾಯಿಯ ತಲೆಗೆ. ಜಾನ್ ಸೀನಾ, ಕೇನ್, ಮಿಜ್, ಟ್ರಿಪಲ್ ಎಚ್ ಮೊದಲಾದ ಮಲ್ಲರು ತಮ್ಮ ತಮ್ಮ ಚಿತ್ರಗಳಿಗೆ ತಾವೇ ಕಂಠವನ್ನು ನೀಡಿದ್ದಾರೆ.

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಭಾಗಿಸಿದನು. ಮಲ್ಲನ ವಿದ್ಯೆ ಪ್ರಧಾನವಾಗಿ ಆಂಗಿಕವಾದುದು. ತೋಳು, ತೊಡೆ, ಎದೆಗಳೇ ಅವನ ಭಾಷೆ. ಅನಿಮೇಷನ್ನಿನಲ್ಲಾದರೋ ಆಂಗಿಕವೂ ಆಹಾರ್ಯವೂ ಚಿತ್ರಕಾರನ ಪಾಲಾಗಿ, ಮಲ್ಲನಿಗೆ ವಾಚಿಕವೊಂದೇ ಉಳಿಯುತ್ತದೆ. ಯಾವ ದೇಹದಿಂದ ಅವನು ಕೀರ್ತಿವಂತನಾದನೋ ಆ ದೇಹವನ್ನು ಬಾಗಿಲಾಚೆ ಬಿಟ್ಟು, ಕಂಠವೊಂದನ್ನೇ ಒಳಕ್ಕೆ ತಂದಂತಾಯಿತು.

ಹೀಗಿರುವಲ್ಲಿ ಅವನ ಕಂಠವೇ ಏಕೆ ಬೇಕು? 1985ರಲ್ಲಿ ಮಲ್ಲ ಹಲ್ಕ್ ಹೋಗನ್ ಹೆಸರಿನಲ್ಲಿ ಸಿಬಿಎಸ್ ಸಂಸ್ಥೆಯು ಪ್ರಸಾರಮಾಡಿದ ಕಾರ್ಟೂನ್ ಮಾಲೆಯಲ್ಲಿ ಹೋಗನ್ನನ ಚಿತ್ರಕ್ಕೆ ದನಿಗೂಡಿಸಿದವನು ಬ್ರ್ಯಾಡ್ ಗ್ಯಾರೆಟ್ ಎಂಬ ನಟ. ಕೆಲಸ ಹಾಗೆಯೂ ನಡೆಯಿತು. ಆದುದರಿಂದ 2014ರ ಚಿತ್ರದಲ್ಲಿ ಮಲ್ಲನ ಸ್ವಂತ ಕಂಠವು ಕಲೆಯ ಅಗತ್ಯಕ್ಕಿಂತ ಮಿಗಿಲಾಗಿ ಒಂದು ಮುದ್ರೆ: ‘ಇವನು ಅವನೇ’ ಎಂದು ನಂಬಿಸತಕ್ಕ ಮುದ್ರೆ.

‘ಅವನೇ’ ಎಂದರೆ ಯಾರು? ಕಣದಲ್ಲಿ ಬೆಂಕಿಯಿಂದ ಬೆಂದ ಭೀಕರನೆನಿಸಿದ ಕೇನ್ ನಿಜದಲ್ಲಿ ಗ್ಲೆನ್ ಜೇಕಬ್ಸ್. 2018ರಲ್ಲಿ ಟೆನೆಸಿ ಪ್ರಾಂತದ ನಾಕ್ಸ್ ಕೌಂಟಿಯ ಮೇಯರಾಗಿ ಚುನಾಯಿತನಾದ ಗೃಹಸ್ಥ. ಟ್ರಿಪಲ್ ಎಚ್ ಎಂಬವನು ಪಾಲ್ ಲೆವೆಕ್. ಈ ಕುಸ್ತಿಯು ನಿಜವಾದ ಸ್ಪರ್ಧೆಯಲ್ಲ, ವಿನೋದಪ್ರದರ್ಶನವೆಂದು ಆ ಕಂಪೆನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯೆದುರು ಒಪ್ಪಿಕೊಂಡಿತು. ಆದಕಾರಣ ಚಿತ್ರದಲ್ಲಿ ಮಾತನಾಡುವವನು ಮನುಷ್ಯನಲ್ಲ, ಮನುಷ್ಯನು ಧರಿಸಿದ ವೇಷ. ವೇಷದ ಮೇಲೆ ಚಿತ್ರ, ಚಿತ್ರದ ಮೇಲೆ ಕಂಠ.

ಕೃತಿಯ ನಿಜವಾದ ಕೊರತೆ ಇಲ್ಲಿದೆ. ಮುಖವಾಡವನ್ನು ಕೀಳುವುದು ಸ್ಕೂಬಿ-ಡೂ ಕಥೆಯ ಧರ್ಮ. ಅದನ್ನು ಕಾಪಾಡುವುದು ಈ ಕುಸ್ತಿಯ ಧರ್ಮ. ಎರಡೂ ಒಂದೆಡೆ ಸೇರಿದಾಗ ಸಂಘರ್ಷವಾಗಬೇಕಾಗಿತ್ತು, ಆಗಲಿಲ್ಲ. ಕರಡಿಯ ಚರ್ಮದಿಂದ ಮನುಷ್ಯನು ಹೊರಬರುತ್ತಾನೆ. ಮಲ್ಲನ ಚರ್ಮದಿಂದ ಯಾರೂ ಹೊರಬರುವುದಿಲ್ಲ. ಮಕ್ಕಳಿಗೆ ಒಂದು ಭ್ರಾಂತಿಯನ್ನು ಹರಿಯುವುದನ್ನು ಕಲಿಸುತ್ತ, ಇನ್ನೊಂದನ್ನು ಬಿಗಿಯಾಗಿ ಕಟ್ಟಿಕೊಡುತ್ತದೆ ಈ ಚಿತ್ರ. ಇದರಲ್ಲಿ ಹಾಸ್ಯವಿಲ್ಲವೆಂದಲ್ಲ, ಅಂಜುಬುರುಕ ನಾಯಿಯನ್ನೂ ಮಹಾಕಾಯರನ್ನೂ ಒಂದೇ ಕಣದಲ್ಲಿ ನಿಲ್ಲಿಸಿದ ವೈದೃಶ್ಯವೇ ನಗೆಯನ್ನು ತರುತ್ತದೆ. ಆದರೆ ಆ ನಗೆಯಲ್ಲಿ ಮಲ್ಲನು ಎಂದಿಗೂ ಪಾಲುಗೊಳ್ಳುವುದಿಲ್ಲ. ತನ್ನ ಬಿರುದನ್ನು ಹೊತ್ತು ನಿಲ್ಲುವುದೇ ಅವನ ಕೆಲಸ.

ಮಲ್ಲನಿಗೆ ವಾಚಿಕಾಭಿನಯವೇ ಬಾರದೆಂದು ತೀರ್ಮಾನಿಸುವುದು ಅನ್ಯಾಯವಾದೀತು. 1936ರಲ್ಲಿ ಮನ್ರೋ ಲೀಫ್ ಬರೆದ ಮಕ್ಕಳ ಪುಸ್ತಕವನ್ನು ಆಧರಿಸಿ 2017ರಲ್ಲಿ ಬಂದ ‘ಫರ್ಡಿನಂಡ್’ ಚಿತ್ರದಲ್ಲಿ ಇದೇ ಸೀನಾ ಸ್ಪೇನ್ ದೇಶದ ಗೂಳಿಗೆ ಕಂಠವಾದನು. ಆ ಗೂಳಿ ಬೃಹತ್ಕಾಯ. ಆದರೂ ಕಾದಲೊಲ್ಲದು, ಹೂವಿನ ಪರಿಮಳವೇ ಅದಕ್ಕೆ ಪ್ರಿಯ. ಕಾದಾಟದ ಕಣದಲ್ಲಿಯೂ ಕಾದದೆ ನಿಲ್ಲುವ ಆ ಮೃದುಪ್ರಾಣಿಯ ಬಾಯಲ್ಲಿ ಸೀನಾನ ದನಿ ತಗ್ಗಿದೆ, ಅಳುಕಿದೆ, ಅರಳಿದೆ. ಜನರು ಬಲದಿಂದ ಮಾತ್ರವೇ ಗುರುತಿಸುವ ದೇಹದೊಳಗೆ ಬೇರೊಂದು ಜೀವ ಉಸಿರಾಡುತ್ತಿರಬಹುದೆಂಬ ಮರ್ಮವನ್ನು ಅಲ್ಲಿ ಅವನು ನುಡಿಯಬಲ್ಲವನಾದನು.

ತಾನಾಗಿ ನುಡಿದಾಗ ಬಿರುದು ಕೇಳಿಸಿತು. ಗೂಳಿಯಾಗಿ ನುಡಿದಾಗ ಮನುಷ್ಯನು ಕೇಳಿಸಿದನು. ಪರಕಾಯಪ್ರವೇಶವೇ ನಟನೆಯ ಜೀವವೆಂದು ಹಿರಿಯರು ಹೇಳುತ್ತ ಬಂದುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.