ಡಿಸ್ಕಿನೊಳಗೊಂದು ಡ್ರಮ್ಮು

ಅಮೆರಿಕದ ಹಳೇ ಫೋರ್ಡ್ ಎಫ್-100 ಪಿಕಪ್‌ಗಳ ಹಿಂದಿನ ಡ್ರಮ್ ಬ್ರೇಕು ನೀರು ಹೊಕ್ಕರೆ ಸತಾಯಿಸುತ್ತದೆ, ಇಳಿಜಾರಿನಲ್ಲಿ ಕಾದರೆ ಹಿಡಿತ ಬಿಡುತ್ತದೆ. ಅಲ್ಲಿಯ ಮೆಕ್ಯಾನಿಕ್‌ಗಳು ಕಂಡುಕೊಂಡ ಉಪಾಯ ಜಾಣತನದ್ದು: ಗುಜರಿಯಿಂದ 1995–2001ರ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಯ ಹಿಂದಿನ ಆಕ್ಸಲ್ ತಂದು ಕೂರಿಸುವುದು. ಡಿಸ್ಕ್ ಬ್ರೇಕು ಅದರ ಜೊತೆಗೇ ಬರುತ್ತದೆ. ನನಗೆ ತುಂಬ ಹಿಡಿಸಿದ್ದು ಆ ಡಿಸ್ಕಿನ ಹೊಟ್ಟೆ. ಹ್ಯಾಂಡ್‌ಬ್ರೇಕಿಗೆಂದೇ ಅದರೊಳಗೊಂದು ಪುಟ್ಟ ಡ್ರಮ್ಮು, ಸಣ್ಣ ಶೂಗಳು. ಅಷ್ಟು ಬೈಸಿಕೊಂಡ ಡ್ರಮ್ಮೇ ಗಾಡಿ ನಿಲ್ಲಿಸಿಡುವ ಕೆಲಸಕ್ಕೆ ಬೇಕಾಯಿತು ನೋಡಿ! ಆದರೆ ಹೊಸ ಆಕ್ಸಲ್‌ನಲ್ಲಿ ವೀಲ್ ಬೋಲ್ಟು ಐದೇ ಆದರೂ ಅವು ಕೂರುವ ವೃತ್ತದ ವ್ಯಾಸ 5.5 ಇಂಚಿನಿಂದ 4.5ಕ್ಕೆ ಇಳಿಯುತ್ತದೆ; ಹಳೇ ವೀಲು ಕೂರದು. ಅದಕ್ಕಿಂತ ನಾಜೂಕಿನದು ಮುಂದಿನ-ಹಿಂದಿನ ಬ್ರೇಕುಗಳಿಗೆ ಒತ್ತಡ ಹಂಚುವ ವಾಲ್ವು. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಅಲ್ಲಿ ಒತ್ತಡ ಹೆಚ್ಚಾದರೆ ಚಕ್ರ ಲಾಕಾಗಿ ಗಾಡಿ ಅಡ್ಡ ತಿರುಗುತ್ತದೆ. ವಾಲ್ವ್ ಹೊಂದಿಸದೆ ರಸ್ತೆಗಿಳಿಸಬೇಡಿ.