ಸುಳಿವು ಮತ್ತು ಒಲವು: ಈಚಿನ ಕನ್ನಡ ಪ್ರಣಯ ಹಾಗೂ ಅಪರಾಧ ಕಾದಂಬರಿಗಳನ್ನು ಕುರಿತು

ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆಯುವಾಗ ಪ್ರಣಯ ಕಾದಂಬರಿಯನ್ನೂ ಪತ್ತೇದಾರಿ ಕಾದಂಬರಿಯನ್ನೂ ‘ಜನಪ್ರಿಯ ಸಾಹಿತ್ಯ’ ಎಂಬ ಒಂದೇ ಶೀರ್ಷಿಕೆಯಡಿ ತಂದು ಒಂದೆರಡು ಪುಟಗಳಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ನವ್ಯ ವಿಮರ್ಶೆಗೆ ಇವು ಕಾಲಹರಣದ ಬರಹಗಳಾಗಿ ಕಂಡವು. ಅನಂತರದ ವಿಮರ್ಶೆಯು ಇವುಗಳನ್ನು ಸಾಮಾಜಿಕ ದಾಖಲೆಗಳೆಂದು ಒಪ್ಪಿಕೊಂಡಿತಾದರೂ ಕಲಾಕೃತಿಗಳಾಗಿ ಪರಿಶೀಲಿಸಲು ಮುಂದಾಗಲಿಲ್ಲ. ಹೀಗೆ ಒಂದೇ ಕಟ್ಟಿನಲ್ಲಿ ಕಟ್ಟಿಡಲಾದ ಈ ಎರಡು ಪ್ರಕಾರಗಳ ನಡುವೆ ನಿಜಕ್ಕೂ ಒಂದು ರಕ್ತಸಂಬಂಧವಿದೆ ಎಂಬುದು ಮಾತ್ರ ಚರಿತ್ರಕಾರರಿಗಿಂತ ಮೊದಲು ಬಾಡಿಗೆ ಪುಸ್ತಕಾಲಯಗಳ ಓದುಗರಿಗೆ ತಿಳಿದಿತ್ತು. ಒಂದೇ ಸಲಕ್ಕೆ ಎರಡು ಪುಸ್ತಕ ಒಯ್ಯುವ ಅವಕಾಶವಿದ್ದಾಗ ಒಂದು ಪತ್ತೇದಾರಿಯನ್ನೂ ಒಂದು ‘ಸಾಂಸಾರಿಕ’ವನ್ನೂ ಆರಿಸಿಕೊಳ್ಳುತ್ತಿದ್ದ ಓದುಗರು ಪ್ರತಿ ಊರಿನಲ್ಲಿಯೂ ಇದ್ದರು.

ಇಂತಹ ನುರಿತ ಓದುಗರ ಅಭಿಪ್ರಾಯಗಳು ಸಾಹಿತ್ಯ ಪತ್ರಿಕೆಗಳಲ್ಲಿ ಅಚ್ಚಾಗಲಿಲ್ಲ. ಆದರೆ ಅವರ ಮಾತಿನಲ್ಲಿ ಮರುಕಳಿಸುವ ಒಂದು ಪದವನ್ನು ವಿಮರ್ಶೆಯ ಪರಿಭಾಷೆಯಾಗಿಯೇ ಸ್ವೀಕರಿಸಬಹುದು: ‘ಮೋಸ’. ಕೊಲೆಗಾರನನ್ನು ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಎಳೆದು ತಂದು ನಿಲ್ಲಿಸಿದರೆ ಅದು ಮೋಸ. ನಾಯಕಿಯ ಮನಸ್ಸು ಏಕೆ ಬದಲಾಯಿತೆಂದು ತೋರಿಸದೆ ಅವಳನ್ನು ಮಂಟಪದಲ್ಲಿ ಕೂರಿಸಿದರೆ ಅದೂ ಮೋಸ. ಅಪರಾಧ ಕಾದಂಬರಿಯಲ್ಲಿ ಅಡಗಿರುವುದು ಒಂದು ಕೃತ್ಯ; ಪ್ರಣಯ ಕಾದಂಬರಿಯಲ್ಲಿ ಅಡಗಿರುವುದು ಒಂದು ಇಚ್ಛೆ. ಎರಡರಲ್ಲಿಯೂ ಕಾದಂಬರಿಕಾರ ಸುಳಿವುಗಳನ್ನು ಓದುಗರ ಕಣ್ಣೆದುರಿಗೇ ಇಟ್ಟು, ಅವು ಕಾಣದಂತೆ ಮಾಡಬೇಕು. ಎರಡೂ ಒಂದು ತಪ್ಪೊಪ್ಪಿಗೆಯಲ್ಲಿ, ಕೊಲೆಯದೋ ಪ್ರೀತಿಯದೋ, ಕೊನೆಗೊಳ್ಳುತ್ತವೆ. ಆ ಕೊನೆಯನ್ನು ತಲುಪಿದ ಓದುಗ ಹಿಂದಿನ ಪುಟಗಳಿಗೆ ಮರಳಿದರೆ ಸಾಕ್ಷ್ಯ ಅಲ್ಲಿ ಇರಬೇಕು. ಈ ಬೇಡಿಕೆಯು ಮೇಲ್ನೋಟಕ್ಕೆ ತಂತ್ರದ ಬೇಡಿಕೆಯಂತೆ ತೋರಿದರೂ ಅದರ ತಳದಲ್ಲಿರುವುದು ನ್ಯಾಯದ ಪ್ರಶ್ನೆ: ಕಥೆಯೊಳಗೆ ಯಾರ ಮಾತನ್ನು ಕೇಳಿಸಿಕೊಳ್ಳಲಾಗಿದೆ, ಯಾರಿಗೆ ವಿಚಾರಣೆಯಿಲ್ಲದೆ ಶಿಕ್ಷೆಯಾಗಿದೆ?

ಹಳೆಯ ಮಾದರಿಗಳನ್ನು ಚುಟುಕಾಗಿ ಗಮನಿಸುವುದು ಇಲ್ಲಿ ಅವಶ್ಯ. ೧೯೫೦ರ ದಶಕದಿಂದ ಬರೆಯತೊಡಗಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಕೊಟ್ಟು ೨೦೧೧ರಲ್ಲಿ ನಿಧನರಾದ ಎನ್. ನರಸಿಂಹಯ್ಯನವರು ಪುರುಷೋತ್ತಮ, ಮಧುಸೂದನ, ಅರಿಂಜಯರೆಂಬ ಪತ್ತೇದಾರರ ಮೂಲಕ ಒಂದು ಪೀಳಿಗೆಗೆ ಓದುವ ಚಟವನ್ನೇ ಹಚ್ಚಿದರು. ಅಲ್ಲಿ ಪತ್ತೇದಾರ ಓದುಗನಿಗಿಂತ ಸದಾ ಒಂದು ಹೆಜ್ಜೆ ಮುಂದಿರುತ್ತಾನೆ. ಓದುಗನಿಗೆ ಅವನೊಡನೆ ಓಡುವ ಸುಖವೇ ಹೊರತು ಯೋಚಿಸುವ ಬಿಡುವಿಲ್ಲ. ಸುಳಿವಿನ ಕಟ್ಟುನಿಟ್ಟಾದ ಹಂಚಿಕೆಯನ್ನು ನೋಡಬೇಕಾದರೆ ಪತ್ತೇದಾರಿಯನ್ನು ಬಿಟ್ಟು ತ್ರಿವೇಣಿಯವರ ‘ಬೆಳ್ಳಿಮೋಡ’ಕ್ಕೆ ಹೋಗಬೇಕು ಎಂಬುದು ವಿಚಿತ್ರವಾದರೂ ನಿಜ. ಎಸ್ಟೇಟಿನ ಏಕೈಕ ವಾರಸುದಾರಳಾದ ಇಂದಿರೆಯನ್ನು ಮದುವೆಯಾಗಲು ಒಪ್ಪಿದ ಮೋಹನ, ಅವಳಿಗೆ ತಮ್ಮ ಹುಟ್ಟಿದೊಡನೆ ಹಿಂಜರಿಯುತ್ತಾನೆ. ಅವನ ಪ್ರೀತಿಯ ನಂಟು ಎಲ್ಲಿಗಿತ್ತು ಎಂಬುದರ ಸಾಕ್ಷ್ಯವನ್ನು ಲೇಖಕಿ ಮೊದಲಿನಿಂದಲೇ ಒದಗಿಸಿರುತ್ತಾರೆ. ಪ್ರೀತಿಯ ಬೆಳಕಿನಲ್ಲಿ ಅದು ಇಂದಿರೆಗೂ ಕಾಣುವುದಿಲ್ಲ, ಓದುಗರಿಗೂ ಕಾಣುವುದಿಲ್ಲ. ಮುಂದೆ ಗಾಯಗೊಂಡ ಮೋಹನನನ್ನು ಆರೈಕೆ ಮಾಡಿಯೂ ಅವನನ್ನು ಒಲ್ಲೆನೆನ್ನುವ ಇಂದಿರೆಯ ತೀರ್ಮಾನವು ಭಾವಾವೇಶವಲ್ಲ, ತೀರ್ಪು. ೧೯೬೭ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದಾಗಲೂ ಪ್ರೇಕ್ಷಕರು ಆ ನಿರಾಕರಣೆಯನ್ನು ಒಪ್ಪಿಕೊಂಡದ್ದನ್ನು ನೆನೆಯಬೇಕು. ಪ್ರಣಯ ಕಾದಂಬರಿಯ ಓದುಗರು ಮದುವೆಯ ಸುಖಾಂತವನ್ನೇ ಬಯಸುತ್ತಾರೆ ಎಂಬ ವಿಮರ್ಶೆಯ ನಂಬಿಕೆಗೆ ಅವರೇ ಕೊಟ್ಟ ಉತ್ತರ ಅದು.

ಎರಡು ಪ್ರಕಾರಗಳನ್ನು ಗಂಭೀರ ಕಾದಂಬರಿಯ ಅಂಗಳಕ್ಕೆ ಒಟ್ಟಾಗಿ ತಂದವರು ಪೂರ್ಣಚಂದ್ರ ತೇಜಸ್ವಿ. ‘ಚಿದಂಬರ ರಹಸ್ಯ’ದಲ್ಲಿ (೧೯೮೫) ಏಲಕ್ಕಿ ಬೆಳೆಯ ಕುಸಿತ, ವಿಜ್ಞಾನಿಯೊಬ್ಬನ ಸಾವು, ತನಿಖೆಗೆ ಬರುವ ಗುಪ್ತಚರ ಅಧಿಕಾರಿ, ಇವೆಲ್ಲ ಅಚ್ಚುಕಟ್ಟಾದ ಪತ್ತೇದಾರಿಯ ಸಾಮಗ್ರಿ. ಆದರೆ ತನಿಖೆ ಮುಂದುವರಿದಂತೆಲ್ಲ ಅಪರಾಧಿಯ ಜಾಗದಲ್ಲಿ ಇಡೀ ಕೆಸರೂರು ಬಂದು ನಿಲ್ಲುತ್ತದೆ. ಊರು ಹೊತ್ತಿ ಉರಿಯುವಾಗ ಬೇರೆ ಬೇರೆ ಧರ್ಮದ ರಫಿ ಮತ್ತು ಜಯಂತಿಯರ ಒಲವೊಂದೇ ಊರಿನ ಮೇಲಿನ ಬೆಟ್ಟದಲ್ಲಿ ಉಳಿದುಕೊಳ್ಳುತ್ತದೆ. ಕಾದಂಬರಿಗೆ ೧೯೮೭ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಾಗ ಅದನ್ನು ವೈಚಾರಿಕ ಕೃತಿಯೆಂದು ಮೆಚ್ಚಿದವರೇ ಹೆಚ್ಚು. ಅದು ಪತ್ತೇದಾರಿಯಾಗಿಯೂ ಸೊಗಸಾಗಿದೆ ಎಂದು ಹೇಳಲು ವಿದ್ವತ್ತಿಗೆ ಏನೋ ಸಂಕೋಚ. ‘ಜುಗಾರಿ ಕ್ರಾಸ್’ನಲ್ಲಿ (೧೯೯೪) ಒಂದೇ ದಿನದ ಅವಧಿಯೊಳಗೆ ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕಿಬೀಳುವ ಸುರೇಶ–ಗೌರಿಯರು ಮದುವೆಯಾದ ದಂಪತಿಗಳು ಎಂಬುದೂ ಗಮನಾರ್ಹ. ಪ್ರಣಯವು ಮದುವೆಗೆ ಮುಗಿಯದೆ, ಅಪಾಯದ ನಡುವೆ ಪರಸ್ಪರ ನಂಬಿಕೆಯಾಗಿ ಪರೀಕ್ಷೆಗೊಳಗಾಗುವ ಅಪರೂಪದ ಉದಾಹರಣೆ ಅದು.

ಹೊಸ ಶತಮಾನದ ಕೃತಿಗಳನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಚಿತ. ಸಾಯಿಸುತೆಯವರಂತಹ ಲೇಖಕಿಯರು ನೂರಕ್ಕೂ ಮಿಕ್ಕಿ ಕಾದಂಬರಿಗಳ ಮೂಲಕ ಕಾಪಾಡಿಕೊಂಡು ಬಂದ ಸಾಂಸಾರಿಕ ಪ್ರಣಯದ ಧಾರೆ ನಿಂತಿಲ್ಲವಾದರೂ, ಅದರ ಓದುಗರಲ್ಲಿ ಹಲವರನ್ನು ದೂರದರ್ಶನದ ಧಾರಾವಾಹಿಗಳು ಸೆಳೆದುಕೊಂಡವು. ಅದೇ ಹೊತ್ತಿನಲ್ಲಿ ಪ್ರಣಯಕ್ಕೆ ಗಂಡಸರ ದನಿಯೊಂದು ಬಂದಿತು. ಅಪರಾಧ ವರದಿಗಾರಿಕೆಯಿಂದ ಹೆಸರಾದ ರವಿ ಬೆಳಗೆರೆಯವರ (೧೯೫೮–೨೦೨೦) ‘ಹೇಳಿ ಹೋಗು ಕಾರಣ’ ಆ ದನಿಯ ಅತಿ ಪ್ರಸಿದ್ಧ ಕೃತಿ. ಪಾತಕಲೋಕದ ಕಥನಗಳಿಂದ ಲೇಖಕರನ್ನು ಬಲ್ಲ ಓದುಗರಿಗೆ ಇದು ಅನಿರೀಕ್ಷಿತ ತಿರುವಾಗಿ ಕಂಡಿತು. ವಸ್ತುತಃ ಇದು ತಿರುವಲ್ಲ. ಹಿಮವಂತ ತಾನು ಪ್ರೀತಿಸಿ, ಓದಿಸಿ, ವೈದ್ಯೆಯಾಗಲೆಂದು ಹಾರೈಸಿದ ಪ್ರಾರ್ಥನಾ ಇನ್ನೊಬ್ಬನತ್ತ ಸರಿಯುತ್ತಾಳೆ. ಕಾದಂಬರಿಯ ಹೆಸರೇ ಅವಳಿಗೆ ಹಾಕಿದ ಪ್ರಶ್ನೆ. ಆದರೆ ಕಾದಂಬರಿ ಆ ಪ್ರಶ್ನೆಗೆ ಅವಳಿಂದ ಉತ್ತರ ಪಡೆಯುವ ತಾಳ್ಮೆ ತೋರುವುದಿಲ್ಲ. ಉಪಕಾರದ ಭಾರ ಪ್ರೀತಿಯನ್ನು ಹೇಗೆ ಕುಗ್ಗಿಸುತ್ತದೆ, ಋಣಿಯಾಗಿರುವವಳಿಗೆ ಒಲ್ಲೆನೆನ್ನುವ ಹಕ್ಕು ಎಷ್ಟಿರುತ್ತದೆ ಎಂಬ ಶೋಧಕ್ಕೆ ಕಥೆಯಲ್ಲಿ ಎಲ್ಲ ಅನುಕೂಲಗಳೂ ಇವೆ. ನಿರೂಪಣೆ ಮಾತ್ರ ಹಿಮವಂತನ ಗಾಯದ ಪಕ್ಕದಿಂದ ಏಳುವುದಿಲ್ಲ. ಅಪರಾಧ ವರದಿಯ ಆರೋಪಪಟ್ಟಿಯ ಧಾಟಿಯೇ ಇಲ್ಲಿ ಪ್ರಣಯದ ಭಾಷೆಯಾಗಿದೆ. ಆ ಭಾಷೆಗೆ ಅಪಾರ ವೇಗವಿದೆ, ಕಾವಿದೆ, ಸಾಹಿತ್ಯದಿಂದ ದೂರವಿದ್ದ ಯುವಕರನ್ನು ಪುಸ್ತಕದತ್ತ ಸೆಳೆದ ಶಕ್ತಿಯಿದೆ. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೂ ‘ಬೆಳ್ಳಿಮೋಡ’ವನ್ನು ಓದಿದವರಿಗೆ ಪ್ರಾರ್ಥನಾಳ ಪಕ್ಷದ ವಕೀಲರು ಬರಲೇ ಇಲ್ಲ ಎನಿಸದಿರದು. ಮೋಹನನಿಗೆ ತ್ರಿವೇಣಿ ತೋರಿದಷ್ಟು ನ್ಯಾಯವೂ ಇವಳಿಗೆ ದಕ್ಕಿಲ್ಲ.

ಕೃಷಿ ವಿಜ್ಞಾನಿ ಕೆ. ಎನ್. ಗಣೇಶಯ್ಯನವರ ಕಾದಂಬರಿಗಳು ಇದಕ್ಕೆ ತದ್ವಿರುದ್ಧ ದಿಕ್ಕಿನವು. ಅಲ್ಲಿ ಸಾಕ್ಷ್ಯವೇ ಎಲ್ಲ. ಶಾಸನ, ಶಿಲ್ಪ, ಸಸ್ಯ, ನಕ್ಷೆಗಳ ಉಲ್ಲೇಖಗಳೊಡನೆ, ಅಡಿಟಿಪ್ಪಣಿ ಆಕರಸೂಚಿಗಳೊಡನೆ ಬರುವ ಈ ರೋಚಕ ಕಥೆಗಳು ಕನ್ನಡದ ಅಪರಾಧ ಕಾದಂಬರಿಗೆ ಹೊಸ ಘನತೆಯನ್ನು ತಂದವು. ‘ಕನಕ ಮುಸುಕು’ ಹೊಯ್ಸಳ ದೇವಾಲಯಗಳ ಶಿಲ್ಪಗಳು ಕೈಯಲ್ಲಿ ಹಿಡಿದಿರುವ ತೆನೆಯಂತಹ ವಸ್ತುವಿನ ಸುತ್ತ ಹೆಣೆದ ಕಥೆ. ಮುಸುಕಿನ ಜೋಳದ ಮೂಲ ಅಮೆರಿಕ ಖಂಡ. ಕೊಲಂಬಸನ ೧೪೯೨ರ ಯಾನದ ನಂತರವೇ ಅದು ಉಳಿದ ಜಗತ್ತಿಗೆ ಹರಡಿತೆಂಬುದು ಪ್ರಚಲಿತ ಅಭಿಪ್ರಾಯ. ಹಾಗಿದ್ದಲ್ಲಿ ೧೩ನೆಯ ಶತಮಾನದ ಸೋಮನಾಥಪುರದ ಶಿಲ್ಪಿ ಅದನ್ನು ಕಂಡದ್ದಾದರೂ ಹೇಗೆ? ಅದು ಜೋಳವೇ ಅಲ್ಲ, ರೂಢಿಗತ ಶಿಲ್ಪಾಲಂಕಾರವೆಂಬ ವಾದವೂ ವಿದ್ವಾಂಸರಲ್ಲಿದೆ. ವಿದ್ವತ್ ಪತ್ರಿಕೆಗಳ ಮೂಲೆಯಲ್ಲಿದ್ದ ವಿವಾದವೊಂದನ್ನು ಸಾಮಾನ್ಯ ಓದುಗರ ಊಟದ ಮಾತಾಗಿಸಿದ್ದು ಸಣ್ಣ ಸಾಧನೆಯಲ್ಲ. ‘ಕರಿಸಿರಿಯಾನ’ ವಿಜಯನಗರದ ಸಂಪತ್ತಿನ ಜಾಡನ್ನು ಹಿಡಿದು, ‘ಬಳ್ಳಿಕಾಳ ಬೆಳ್ಳಿ’ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮೆಣಸಿನ ವ್ಯಾಪಾರವನ್ನು ಹಿಡಿದು ಇದೇ ಕೆಲಸವನ್ನು ಮಾಡುತ್ತವೆ.

ಇಲ್ಲಿಯೂ ನುರಿತ ಓದುಗರದು ಒಂದು ತಕರಾರಿದೆ. ಅಡಿಟಿಪ್ಪಣಿ ಸಂಶೋಧನೆಯಲ್ಲಿ ಲೇಖಕನ ಹೊಣೆಗಾರಿಕೆಯ ಗುರುತು. ಕಾದಂಬರಿಯಲ್ಲಿ ಅದು ನಂಬಿಕೆ ಹುಟ್ಟಿಸುವ ಉಪಾಯ. ಎರಡೂ ಒಂದೇ ಪುಟದಲ್ಲಿ ಬೆರೆತಾಗ ಯಾವ ಸುಳಿವು ಇತಿಹಾಸದ್ದು, ಯಾವುದು ಕಥೆಗಾಗಿ ಕಲ್ಪಿಸಿದ್ದು ಎಂದು ಬೇರ್ಪಡಿಸುವ ಹೊರೆ ಓದುಗರ ಮೇಲೆ ಬೀಳುತ್ತದೆ. ಹೊತ್ತಗೆಯನ್ನು ಮುಚ್ಚಿದ ಮೇಲೂ ಅವರು ನಿಧಿ ಇದ್ದೇ ಇದೆಯೆಂದು ನಂಬಿದರೆ ತಪ್ಪು ಯಾರದು? ಮೇಲಾಗಿ, ಜಾಡು ಹಿಡಿದು ಓಡುವ ಗಂಡು ಹೆಣ್ಣುಗಳ ನಡುವಿನ ಆಕರ್ಷಣೆ ಇಲ್ಲಿ ಓಟದ ಸೌಕರ್ಯಕ್ಕಷ್ಟೇ ಇರುವಂತೆ ತೋರುತ್ತದೆ. ಶಿಲೆಯ ಕೈಯಲ್ಲಿರುವ ತೆನೆಯ ಬಗ್ಗೆ ಇರುವಷ್ಟು ಕುತೂಹಲ ಪಕ್ಕದಲ್ಲಿ ನಿಂತವಳ ಮನಸ್ಸಿನ ಬಗ್ಗೆ ಇಲ್ಲ.

ಎರಡೂ ಕೊರತೆಗಳನ್ನು ಒಟ್ಟಿಗೆ ತುಂಬಿಕೊಟ್ಟ ಕೃತಿಯು ಈ ಎರಡು ಪ್ರಕಾರಗಳಲ್ಲಿ ಯಾವುದಕ್ಕೂ ಸೇರಿದ್ದೆಂದು ಎಣಿಸಲ್ಪಟ್ಟಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (೨೦೧೩) ಅನ್ನು ಕುಟುಂಬದ ಕಥೆಯೆಂದು, ಹೊಸ ಹಣದ ಕಥೆಯೆಂದು ಚರ್ಚಿಸಲಾಗಿದೆ. ಅದು ಮೂಲತಃ ಒಂದು ಪ್ರಣಯ ಕಥೆ ಮತ್ತು ಒಂದು ಅಪರಾಧ ಕಥೆ. ಶೀರ್ಷಿಕೆಯ ಪದ ಯಾವ ನಿಘಂಟಿನಲ್ಲಿಯೂ ಇಲ್ಲ. ಅನಿತಾ ಬಾಲ್ಯದಲ್ಲಿ ತನ್ನ ಮನೆಯವರೊಡನೆ ಆಡುತ್ತಿದ್ದ, ಬಿಡಿಸಲಾಗದಂತೆ ಸಿಕ್ಕಾದುದಕ್ಕೆ ಇಟ್ಟ ಹೆಸರು. ಮದುವೆಯ ಹೊಸತರಲ್ಲಿ ಅವಳು ಆ ಪದವನ್ನು ಗಂಡನಿಗೆ ಕೊಡುತ್ತಾಳೆ. ಕನ್ನಡದಲ್ಲಿ ದಾಂಪತ್ಯದ ಆಪ್ತತೆಯನ್ನು ಇಷ್ಟು ಅಗ್ಗದ, ಇಷ್ಟು ಅಮೂಲ್ಯ ಕಾಣಿಕೆಯ ಮೂಲಕ ಹೇಳಿದ ಇನ್ನೊಂದು ಕಥೆ ಸುಲಭವಾಗಿ ನೆನಪಿಗೆ ಬಾರದು.

ಈಗ ಸಾಕ್ಷ್ಯವನ್ನು ನೋಡಬೇಕು. ಆರಂಭದಲ್ಲಿಯೇ ನಿರೂಪಕ ಕಾಫಿ ಹೌಸಿನಲ್ಲಿ ಕುಳಿತಿದ್ದಾನೆ, ಏಕೋ ಅಸ್ವಸ್ಥನಾಗಿದ್ದಾನೆ. ಬಡತನದ ಮನೆಯಲ್ಲಿ ಇರುವೆಗಳೊಡನೆ ಮನೆಯವರು ಹೂಡಿದ ಯುದ್ಧವನ್ನು ತಮಾಷೆಯೆಂಬಂತೆ ವರ್ಣಿಸುತ್ತಾನೆ. ಹಣ ಬಂದ ಮೇಲೆ ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಅವಮಾನಿಸಿ ಅಟ್ಟಲಾಗುತ್ತದೆ. ಅವಳ ಪರ ಮಾತನಾಡುವವಳು ಅನಿತಾ ಒಬ್ಬಳೇ. ಗಂಡನ ಮನೆ ಬಿಟ್ಟ ಮಾಲತಿಯ ಒಡವೆಗಳನ್ನು ತರಲು ಹೋದವರು ಎಂಥವರೆಂಬುದೂ ತಿಳಿಯುತ್ತದೆ. ಪ್ರತಿಯೊಂದನ್ನೂ ನಿರೂಪಕ ಹೇಳಿಯೇ ಹೇಳುತ್ತಾನೆ. ಯಾವುದನ್ನೂ ಅದರ ಪಕ್ಕದ್ದಕ್ಕೆ ಜೋಡಿಸುವುದಿಲ್ಲ. ತವರಿನಿಂದ ಮರಳಬೇಕಾದ ಅನಿತಾಳ ಸುದ್ದಿಯಿಲ್ಲ. ಕೊನೆಯಲ್ಲಿ ಒಡೆದ ಲೋಟ, ಕೈಯ ಮೇಲಿನ ರಕ್ತ. ಕೊಲೆಯೆಂಬ ಕೃತ್ಯ ಕಥೆಯಲ್ಲಿ ಎಲ್ಲಿಯೂ ನಡೆಯುವುದಿಲ್ಲ, ಆದರೆ ಹಿಂದಿನ ಪುಟಗಳಿಗೆ ಮರಳಿದ ಓದುಗನಿಗೆ ಒಂದು ಸುಳಿವೂ ಬಚ್ಚಿಟ್ಟದ್ದಾಗಿ ಕಾಣದು. ನರಸಿಂಹಯ್ಯನವರ ಪತ್ತೇದಾರರು ಬಿಟ್ಟುಹೋದ ಜಾಗದಲ್ಲಿ ಇಲ್ಲಿ ಓದುಗನೇ ನಿಂತಿದ್ದಾನೆ. ಪ್ರೀತಿಸಿದ ಗಂಡನೇ ಸಾಕ್ಷಿಯಾಗಲು ಹಿಂಜರಿಯುವುದು ಈ ಕಥೆಯ ನಿಜವಾದ ಅಪರಾಧ.

ಇದು ಗ್ರಂಥಾಲಯಗಳಿಗೂ ಸಂಶೋಧಕರಿಗೂ ಸಂಬಂಧಿಸಿದ ಮಾತು. ಶಾನಭಾಗರ ಕೃತಿ ಗಂಭೀರ ಸಾಹಿತ್ಯದ ಕಪಾಟಿನಲ್ಲಿ ಭದ್ರವಾಗಿದೆ. ಅದರ ಸುಳಿವಿನ ಕಲೆಗೆ ಓದುಗರ ಕಣ್ಣನ್ನು ಸಿದ್ಧಗೊಳಿಸಿದ ಅಗ್ಗದ ಕಾಗದದ ಪತ್ತೇದಾರಿಗಳೂ ವಾರಪತ್ರಿಕೆಯ ಧಾರಾವಾಹಿಗಳೂ ಹೆಚ್ಚು ಕೈಗಳಿಗೆ ಹೋದವೆಂಬ ಕಾರಣಕ್ಕೇ ಮೊದಲು ಹರಿದು, ಮೊದಲು ಸಂಗ್ರಹದಿಂದ ಹೊರಬೀಳುತ್ತವೆ. ಓದಿಸಿಕೊಂಡದ್ದೇ ಪುಸ್ತಕದ ದೋಷವಾದ ಈ ವ್ಯವಸ್ಥೆಯಲ್ಲಿ ಎರಡು ಪ್ರಕಾರಗಳ ಚರಿತ್ರೆಯನ್ನು ಮೂಲಪ್ರತಿಗಳಿಂದ ಬರೆಯುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಶಾನಭಾಗರ ‘ಸಕೀನಾಳ ಮುತ್ತು’ (೨೦೨೧) ಇದೇ ಪ್ರಯೋಗವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಮಗಳು ರೇಖಾಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಮನೆಗೆ ಬರುವುದರಿಂದ ಮೊದಲಾಗುವ ಕಾದಂಬರಿಯಲ್ಲಿ ತಂದೆ ವೆಂಕಟ ತನ್ನ ಮನೆಯಲ್ಲಿಯೇ ಪತ್ತೇದಾರನಾಗಬೇಕಾಗುತ್ತದೆ. ಹೆಂಡತಿ ವಿಜಿಯೊಡನೆ ತನ್ನದು ಸಮಾನರ ಒಲವೆಂದು ಅವನು ನಂಬಿಕೊಂಡಿದ್ದಾನೆ. ವಿಚಾರಣೆಗೆ ತೊಡಗಿದಂತೆ ಆ ನಂಬಿಕೆಯೇ ಮೊದಲ ಶಂಕಿತನಾಗುತ್ತದೆ. ಕಾದಂಬರಿ ಎಲ್ಲ ಗಂಟುಗಳನ್ನೂ ಬಿಡಿಸಿ ಕೊಡುವುದಿಲ್ಲ. ಇದನ್ನು ಮೋಸವೆಂದು ದೂರಿದ ಓದುಗರಿದ್ದರೆ ಅವರ ದೂರಿನಲ್ಲಿಯೂ ಅರ್ಥವಿದೆ. ಪತ್ತೇದಾರಿಯ ಚೌಕಟ್ಟನ್ನು ಎತ್ತಿಕೊಂಡವರು ಅದರ ಋಣವನ್ನೂ ತೀರಿಸಬೇಕೆಂಬುದು ನ್ಯಾಯವೇ. ಆದರೆ ಇಲ್ಲಿ ಸುಳಿವುಗಳನ್ನು ಕೂಡಿಸುತ್ತಿರುವವನು ವೆಂಕಟ, ಮತ್ತು ಅವನಿಗೆ ಮಗಳ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ರೇಖಾ ಏನನ್ನು ಹೇಳದೆ ಉಳಿಸಿಕೊಂಡಳು ಎಂಬುದು ಅವನಿಗೆ ತಿಳಿಯುವುದಿಲ್ಲ, ಏಕೆಂದರೆ ಅದನ್ನು ಕೇಳುವ ಬಗೆಯನ್ನು ಅವನು ಕಲಿತಿಲ್ಲ.